ಮೂರನೆಯ ಪ್ರತಿ

ಗೊತ್ತಿಲ್ಲದ ವಿಷಯಕ್ಕೆ ತಲೆಯಾಡಿಸುವುದು ಅಪರಾಧವಾಗಿದ್ದರೆ ಟಪಾಲಣ್ಣನಿಗೆ ಎಂದೋ ಜೀವಾವಧಿ ಶಿಕ್ಷೆಯಾಗಬೇಕಿತ್ತು. ಆದರೆ ಆಫೀಸುಗಳಲ್ಲಿ ಅದನ್ನು ಅನುಭವ ಎಂದು ಕರೆಯುವ ವಾಡಿಕೆ ಇರುವುದರಿಂದ ಅವನು ಇಪ್ಪತ್ತೆಂಟು ವರ್ಷ ನೆಮ್ಮದಿಯಾಗಿ ತಲೆಯಾಡಿಸಿಕೊಂಡು ಬಂದಿದ್ದ.

ತೂಕದ ಯಂತ್ರ ತಯಾರಿಸುವ ಕಾರ್ಖಾನೆಯ ಕಚೇರಿಯಲ್ಲಿ ಅವನು ಟಪಾಲು ಗುಮಾಸ್ತ. ಬಂದ ಕಾಗದಕ್ಕೆ ಆವಕ ಸಂಖ್ಯೆ ಹಾಕುವುದು, ಹೋಗುವ ಕಾಗದಕ್ಕೆ ಜಾವಕ ಸಂಖ್ಯೆ ಹಾಕುವುದು, ಎರಡಕ್ಕೂ ದಿನಾಂಕದ ಮುದ್ರೆ ಒತ್ತುವುದು ಅವನ ಕೆಲಸ. ಕಚೇರಿಗೆ ಇಮೇಲ್ ಬಂದ ಮೇಲೂ ಈ ಕೆಲಸ ನಿಲ್ಲಲಿಲ್ಲ. ಹೊರಗಿನಿಂದ ಬಂದ ಮೇಲ್‌ಗಳನ್ನು ಅವನು ಮುದ್ರಿಸಿ, ಸಂಖ್ಯೆ ಹಾಕಿ, ಸಂಬಂಧಪಟ್ಟವರ ಮೇಜಿಗೆ ತಲುಪಿಸುತ್ತಿದ್ದ. ಅಷ್ಟರಲ್ಲಿ ಅವರು ಅದನ್ನು ಓದಿ, ಉತ್ತರ ಬರೆದು, ಮರೆತೂ ಆಗಿರುತ್ತಿತ್ತು. ಆದರೂ ಮುದ್ರೆ ಬಿದ್ದ ಕಾಗದ ಕೈಗೆ ಬಂದಾಗ, ವಿಷಯ ಈಗ ನಿಜವಾಯಿತು ಎಂಬಂತೆ ಒಮ್ಮೆ ನೋಡಿ ಫೈಲಿಗೆ ಸೇರಿಸುತ್ತಿದ್ದರು.

ಟಪಾಲಣ್ಣನಿಗೆ ಒಂದು ವ್ರತವಿತ್ತು. ಅವನು ಕಾಗದದ ಮೇಲ್ತುದಿಯನ್ನು ನೋಡುತ್ತಿದ್ದ, ಯಾರಿಂದ, ಯಾರಿಗೆ, ಯಾವ ದಿನ. ಅದರ ಕೆಳಗೆ ಅವನ ಕಣ್ಣು ಇಳಿದದ್ದೇ ಇಲ್ಲ. ಬೇರೆಯವರ ಕಾಗದ ಓದುವವನು ಟಪಾಲಿನವನಲ್ಲ, ಕಿಟಕಿಯಲ್ಲಿ ಇಣುಕುವವನು ಎಂಬುದು ಅವನ ಸಿದ್ಧಾಂತ.

ಇಂಥ ಮನುಷ್ಯನ ಮೇಜಿನ ಮುಂದೆ ಒಂದು ದಿನ ಮ್ಯಾನೇಜರು ನಿಂತರು. ಅವರು ಯಾರ ಮುಂದಾದರೂ ನಿಂತರೆ ಒಳ್ಳೆಯದಾಗುತ್ತಿರಲಿಲ್ಲ.

"ಹೊಸ ಮೇಲ್ ಸರ್ವರ್ ಬರ್ತಾ ಇದೆ, ಗೊತ್ತಲ್ಲ? ಇನ್ನು ಎಲ್ಲಾ ತಾನೇ ಬರುತ್ತೆ, ತಾನೇ ಹೋಗುತ್ತೆ, ತಾನೇ ದಾಖಲಾಗುತ್ತೆ. ಆಮೇಲೆ ಈ ಮೇಜಿಗೇನು ಕೆಲಸ? ಬಿಡಿಭಾಗದ ಗೋದಾಮಲ್ಲಿ ಸ್ಪ್ರಿಂಗ್ ಎಣಿಸೋಕೆ ಒಬ್ಬರು ಬೇಕು ಅಂತಿದ್ರು."

ಟಪಾಲಣ್ಣನ ಎದೆ ಧಸಕ್ಕೆಂದಿತು. ಗೋದಾಮು ಕಾರ್ಖಾನೆಯ ಹಿಂಭಾಗದಲ್ಲಿತ್ತು. ಅದಕ್ಕೆ ಕಿಟಕಿಯಿಲ್ಲ, ಮಾತಿಗೆ ಮನುಷ್ಯರಿಲ್ಲ. ಅಲ್ಲಿದ್ದ ಹಿಂದಿನ ಗುಮಾಸ್ತ ನಿವೃತ್ತನಾದ ಸಂಗತಿ ಕಚೇರಿಗೆ ಗೊತ್ತಾದದ್ದೇ ಮೂರು ವಾರ ಕಳೆದ ಮೇಲೆ. ಟಪಾಲಣ್ಣನ ಮೇಜಾದರೋ ಬಾಗಿಲ ಪಕ್ಕದಲ್ಲಿತ್ತು. ಒಳಗೆ ಬರುವವರೂ ಹೊರಗೆ ಹೋಗುವವರೂ ಅವನಿಗೆ ಒಂದು ಮಾತು ಹೇಳದೆ ದಾಟುವಂತಿರಲಿಲ್ಲ. ಆ ಮೇಜು ಹೋದರೆ ತಾನು ಉಳಿಯುವುದು ಹೇಗೆಂದು ಅವನಿಗೆ ತೋಚಲಿಲ್ಲ.

ಮರುದಿನವೇ ಸಭೆ. ಸರ್ವರ್ ಕೂರಿಸಲು ಬಂದಿದ್ದ ಇಂಜಿನಿಯರ್ ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಬಂದ ಎರಡನೆಯ ದಿನಕ್ಕೇ ಕಚೇರಿ ಆಕೆಗೆ ಸರ್ವರಮ್ಮ ಎಂದು ಹೆಸರಿಟ್ಟಿತ್ತು. ಮೇಜಿನ ತುದಿಯಲ್ಲಿ ಕಾರ್ಖಾನೆಯ ಒಡತಿ ಅಮ್ಮಾವರು ಕೂತಿದ್ದರು. ಅವರಿಗೆ ಎಪ್ಪತ್ತು ದಾಟಿತ್ತು. ಅವರಿಗೂ ಒಂದು ಮೇಲ್ ವಿಳಾಸವಿತ್ತು, ಅದನ್ನು ಅವರು ಈವರೆಗೆ ತೆರೆದಿರಲಿಲ್ಲ.

ಸರ್ವರಮ್ಮ ಬೋರ್ಡಿನ ಮೇಲೆ ಚೌಕಗಳನ್ನು ಬರೆಯುತ್ತ ಹೇಳಿದರು. "ಹಳೇ ಪದ್ಧತೀಲಿ ಬಾಗಿಲಲ್ಲಿ ನಿಂತು ಬಂದೋರನ್ನ ನೋಡೋಕೆ ಒಂದು ಯಂತ್ರ, ವಿಂಗಡಿಸೋಕೆ ಒಂದು, ಜೋಪಾನವಾಗಿ ಇಡೋಕೆ ಒಂದು. ಮೂರರಲ್ಲಿ ಒಂದು ಮಲಗಿದ್ರೂ ಕೆಲಸ ನಿಂತ ಹಾಗೆ. ಹೊಸದರಲ್ಲಿ ಪ್ರತಿಯೊಂದು ಯಂತ್ರಾನೂ ಮೂರು ಕೆಲಸಾನೂ ಮಾಡುತ್ತೆ. ನಿಮ್ಮ ಒಂದೊಂದು ಮೇಲ್ ಪೆಟ್ಟಿಗೆಗೂ ಮೂರು ಪ್ರತಿ ಇರುತ್ತೆ, ಮೂರೂ ಬೇರೆ ಬೇರೆ ಕಟ್ಟಡದಲ್ಲಿ. ಒಂದು ಬಿದ್ರೆ ಮೂವತ್ತು ಸೆಕೆಂಡಲ್ಲಿ ಇನ್ನೊಂದು ಎದ್ದು ನಿಲ್ಲುತ್ತೆ. ನಿಮಗೆ ಗೊತ್ತೂ ಆಗಲ್ಲ."

ಸಭೆ ಬೋರ್ಡನ್ನೇ ನೋಡುತ್ತಿತ್ತು. ಸರ್ವರಮ್ಮ ಮುಂದುವರಿಸಿದರು. ಒಂದೇ ಸಲ ಬಹಳ ಜನಕ್ಕೆ ಮೇಲ್ ಕಳಿಸಲು ಹೋದರೆ, ಇಷ್ಟು ಜನ ಓದುತ್ತಾರೆ, ಖಂಡಿತವೇ ಎಂದು ಅದು ಮೊದಲೇ ಕೇಳುತ್ತದೆ. ಒಳಗೆ ಬಂದ, ಹೊರಗೆ ಹೋದ, ಒಳಗೊಳಗೇ ಓಡಾಡಿದ ಎಲ್ಲ ಮೇಲ್‌ಗಳ ಒಂದೊಂದು ನಕಲು ದಾಖಲೆ ಪೆಟ್ಟಿಗೆಗೆ ಬೀಳುತ್ತದೆ. ಆ ಪೆಟ್ಟಿಗೆ ನಾಳೆಯಿಂದಲೇ ಶುರು. ಎರಡು ವಾರ ಕಳೆದು, ಒಂದೇ ದಿನದಲ್ಲಿ ಎಲ್ಲರ ಪೆಟ್ಟಿಗೆಗಳೂ ಹಳೆಯ ಯಂತ್ರದಿಂದ ಹೊಸದಕ್ಕೆ ಸಾಗುತ್ತವೆ.

"ದಾಖಲೆ ಪೆಟ್ಟಿಗೆಗೆ ಒಬ್ಬರು ಪಾಲಕರು ಬೇಕು. ಎಲ್ಲರಿಗೂ ಅರ್ಥ ಆಯ್ತಾ?"

ಲೆಕ್ಕಪತ್ರದವರು ಪೆನ್ನಿನ ಮುಚ್ಚಳ ಪರೀಕ್ಷಿಸಿದರು. ಸ್ಟೋರ್ ಕೀಪರ್ ನೀರು ಕುಡಿದರು. ಮ್ಯಾನೇಜರು ಫೋನು ಬಂದಂತೆ ಮಾಡಿದರು. ಟಪಾಲಣ್ಣನ ಕಣ್ಣ ಮುಂದೆ ಸ್ಪ್ರಿಂಗ್‌ಗಳ ರಾಶಿ ಬಂದು ನಿಂತಿತು.

"ಆಯ್ತು," ಎಂದ.

ಇಡೀ ಸಭೆ ಅವನತ್ತ ತಿರುಗಿತು. ಅಮ್ಮಾವರು ಕನ್ನಡಕ ಮೇಲೇರಿಸಿ, "ಏನು ಅರ್ಥ ಆಯ್ತು, ಹೇಳಿ ನೋಡೋಣ," ಎಂದರು.

"ಮೂರು ಪ್ರತಿ ಅಮ್ಮಾವ್ರೇ. ಮೂರು ಬೇರೆ ಕಟ್ಟಡ. ಒಂದು ಬಿದ್ರೆ ಇನ್ನೊಂದು."

"ನಂಗೂ ಈಗಲೇ ಅರ್ಥ ಆಗಿದ್ದು. ಇವರೇ ಪಾಲಕರಾಗಲಿ," ಎಂದರು ಅಮ್ಮಾವರು.

ಮ್ಯಾನೇಜರು ಮುಖ ಹುಳ್ಳಗೆ ಮಾಡಿಕೊಂಡರು. "ಆಗಲಿ. ಆದ್ರೆ ಎರಡು ವಾರ ನೋಡೋಣ. ಒಂದು ಕಾಗದ ತಪ್ಪಿದ್ರೂ ಗೋದಾಮು," ಎಂದು ಹೇಳಿ ಸಭೆ ಮುಗಿಸಿದರು.

ಟಪಾಲಣ್ಣ ಸರ್ವರಮ್ಮನ ಹಿಂದೆಯೇ ಓಡಿದ. "ಮೇಡಂ, ಪಾಲಕ ಅಂದ್ರೆ ನಾನು ಏನು ಮಾಡ್ಬೇಕು?"

"ಏನೂ ಇಲ್ಲ ಸಾರ್. ಎಲ್ಲಾ ತನ್ನಷ್ಟಕ್ಕೆ ಆಗುತ್ತೆ."

"ಏನೂ ಅಂದ್ರೆ ಏನೂ ಇಲ್ವಾ?"

"ಮುಟ್ಟದೇ ಇದ್ರೆ ಸಾಕು."

ಇದೇ ಅವನ ತಲೆ ಕೆಡಿಸಿದ್ದು. ಇಪ್ಪತ್ತೆಂಟು ವರ್ಷದಲ್ಲಿ ತನ್ನಷ್ಟಕ್ಕೆ ಆದದ್ದು ಯಾವುದನ್ನೂ ಅವನು ಕಂಡಿರಲಿಲ್ಲ, ಒಲೆಯ ಮೇಲಿನ ಹಾಲು ಉಕ್ಕುವುದನ್ನು ಬಿಟ್ಟರೆ. ಅದೂ ಅಲ್ಲದೆ, ಏನೂ ಮಾಡದವನು ಗೋದಾಮಿಗೆ ಹೋಗುತ್ತಾನೆ ಎಂದು ಮ್ಯಾನೇಜರು ಹೇಳಿಯಾಗಿತ್ತು. ಯಂತ್ರ ತನ್ನ ಮೂರು ಪ್ರತಿಗಳನ್ನು ಇಟ್ಟುಕೊಳ್ಳಲಿ, ಬೇಡ ಎನ್ನುವವರಾರು. ಪಾಲಕ ಎಂದ ಮೇಲೆ ತಾನೂ ತನ್ನ ಮೂರು ಪ್ರತಿಗಳನ್ನು ಇಡಬೇಕಲ್ಲವೇ. ಹೀಗೆ ತೀರ್ಮಾನಿಸಿ ಟಪಾಲಣ್ಣ ಮರುದಿನ ಬೆಳಿಗ್ಗೆ ದಾಖಲೆ ಪೆಟ್ಟಿಗೆಗೆ ಬಿದ್ದ ನೂರ ನಲವತ್ತು ಮೇಲ್‌ಗಳನ್ನೂ ಮೂರು ಮೂರು ಪ್ರತಿ ಮುದ್ರಿಸಿದ. ಪ್ರತಿಯೊಂದಕ್ಕೂ ಸಂಖ್ಯೆ, ಪ್ರತಿಯೊಂದಕ್ಕೂ ಮುದ್ರೆ. ಪ್ರಿಂಟರ್ ಬಿಸಿಯಾಗಿ ಎರಡು ಸಲ ನಿಂತಿತು, ಅವನು ನಿಲ್ಲಲಿಲ್ಲ.

ಇನ್ನು ಕಟ್ಟಡಗಳ ಪ್ರಶ್ನೆ. ಮೊದಲನೆಯ ಪ್ರತಿಗೆ ಅವನು ಸರ್ವರ್ ಕೋಣೆಯ ಕಪಾಟನ್ನೇ ಆರಿಸಿದ. ಯಂತ್ರಗಳಿಗೆ ತಂಪು ಬೇಕೆಂದು ಅಲ್ಲಿ ಹಗಲೂ ರಾತ್ರಿ ಏಸಿ ಹಾಕಿದ್ದರು, ಕಾಗದಕ್ಕೂ ಆ ಸುಖ ಸಿಗಲಿ ಎಂದುಕೊಂಡ. ಕಪಾಟು ಏಸಿಯ ನೇರ ಕೆಳಗಿತ್ತು. ಎರಡನೆಯ ಪ್ರತಿ ತನ್ನ ಮನೆಗೆ. ಮೂರನೆಯದು ಎರಡು ಬೀದಿ ಆಚೆಗಿದ್ದ ಅಕ್ಕನ ಮನೆಗೆ. ಗೇಟಿನಲ್ಲಿ ಕಾವಲಿನವನು ಚೀಲ ತಡೆದು, ಪಾಸ್ ಎಲ್ಲಿ ಎಂದ. ಕಾರ್ಖಾನೆಯಲ್ಲಿ ಗೇಟ್ ಪಾಸ್ ಬರೆಯುವವನೂ ಟಪಾಲಣ್ಣನೇ, ಮುದ್ರೆ ಒತ್ತುವವನೂ ಅವನೇ. ನಿಂತಲ್ಲೇ ಬರೆದು, ಒತ್ತಿ, ಕೊಟ್ಟ.

ಹೆಂಡತಿ ಬಾಗಿಲು ತೆಗೆದವಳೇ ಕಟ್ಟುಗಳನ್ನು ನೋಡಿ, "ಇದೇನ್ರೀ ಇದು?" ಎಂದಳು.

"ಹೊಸ ಸರ್ವರ್ ನಾನೇ ನೋಡ್ಕೋತಿದ್ದೀನಿ," ಎಂದು ಟಪಾಲಣ್ಣ ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ವಾಲಿದ. "ಒಂದು ಬಿದ್ರೆ ಇನ್ನೊಂದು ಏಳುತ್ತೆ. ಬಹಳ ಜನಕ್ಕೆ ಏನಾದ್ರೂ ಹೇಳೋಕೆ ಹೋದ್ರೆ ಮೊದಲೇ ಎಚ್ಚರಿಸುತ್ತೆ."

"ಅಂಥದ್ದೊಂದು ನಿಮ್ಮ ಬಾಯಿಗೆ ಹಾಕ್ಸಿ. ಹೋದ ಸಲ ನನ್ನ ಹಲ್ಲು ನೋವಿನ ವಿಷಯ ಇಡೀ ಬೀದಿಗೆ ಹೇಳಿದ್ರಲ್ಲ."

ಆದರೂ ಮಂಚದ ಕೆಳಗೆ ಜಾಗ ಮಾಡಿಕೊಟ್ಟಳು. ಮೂರೇ ದಿನದಲ್ಲಿ ಮಂಚದ ಕೆಳಗೆ ತುಂಬಿ ಕಾಗದ ನಡುಮನೆಗೆ ಬಂತು. ದಿನವೂ ಸಂಜೆ ಚೀಲದಲ್ಲಿ ಕಾಗದ ಹೊತ್ತು ಬರುವ ಟಪಾಲಣ್ಣನನ್ನು ಕೆಳಗಿನ ಮನೆಯ ಟೈಲರ್ ನೋಡುತ್ತಿದ್ದ. ಅವನು ಯೋಚಿಸಿ, ಈ ಮನುಷ್ಯ ಗುಟ್ಟಾಗಿ ಒಂದು ದೊಡ್ಡ ಪುಸ್ತಕ ಬರೆಯುತ್ತಿದ್ದಾನೆ ಎಂಬ ತೀರ್ಮಾನಕ್ಕೆ ಬಂದು, ಅಂಗಿ ಹೊಲಿಸಲು ಬಂದವರಿಗೆಲ್ಲ ಹೇಳಿದ. ಬೀದಿಯಲ್ಲಿ ಟಪಾಲಣ್ಣನಿಗೆ ನಮಸ್ಕಾರಗಳು ಹೆಚ್ಚಾದವು.

"ಮುಗೀತಾ ಸಾರ್?" ಎಂದು ಹಾಲಿನವನು ಕೇಳಿದ.

"ಇದು ಮುಗಿಯೋವಂಥದ್ದಲ್ಲಪ್ಪ. ದಿನಾ ಬರ್ತಾನೇ ಇರುತ್ತೆ," ಎಂದ ಟಪಾಲಣ್ಣ. ಹಾಲಿನವನು ಭಕ್ತಿಯಿಂದ ಅರ್ಧ ಲೋಟ ಹೆಚ್ಚಿಗೆ ಹೊಯ್ದ.

ಅಕ್ಕನ ಮನೆಯ ಕಥೆ ಬೇರೆ. ಭಾವ ಮೂವತ್ತೈದು ವರ್ಷ ಮೇಷ್ಟರಾಗಿದ್ದವರು. ಉತ್ತರ ಪತ್ರಿಕೆ ತಿದ್ದುವುದರಲ್ಲಿ ಎತ್ತಿದ ಕೈ. ನಿವೃತ್ತಿಯಾದ ಮೇಲೆ ತಿದ್ದಲು ಏನೂ ಸಿಗದೆ ಒಣಗಿಹೋಗಿದ್ದರು. ಔಷಧಿ ಡಬ್ಬಿಯ ಚೀಟಿ, ಕರೆಂಟ್ ಬಿಲ್ಲಿನ ಹಿಂಬದಿ, ಎಲ್ಲದರ ಮೇಲೂ ಅವರ ಕೆಂಪು ಪೆನ್ನು ಆಡಿತ್ತು. ಅಂಥವರ ಮುಂದೆ ಮೈದುನ ದಿನಕ್ಕೆ ನೂರ ನಲವತ್ತು ಕಾಗದ ತಂದು ಇಳಿಸಿದಾಗ ಅವರ ಮುಖದಲ್ಲಿ ಕಳೆ ಬಂತು.

"ಇಡಪ್ಪ, ಇಡು. ಇಲ್ಲಿ ಭದ್ರವಾಗಿರುತ್ತೆ," ಎಂದರು. ಟಪಾಲಣ್ಣ ಬೆನ್ನು ತಿರುಗಿಸಿದ ಕೂಡಲೇ ಪೆನ್ನಿನ ಮುಚ್ಚಳ ತೆಗೆದರು.

ಒಂದು ವಾರದೊಳಗೆ ಕಾರ್ಖಾನೆಯ ಆಗುಹೋಗುಗಳೆಲ್ಲ ಎರಡು ಮನೆಗೂ ಬಾಯಿಪಾಠವಾದವು. ಅಕ್ಕ ಮಧ್ಯಾಹ್ನ ಬಂದು ನಾದಿನಿಯ ಜೊತೆ ಕೂತರೆ ಸಂಜೆಯವರೆಗೆ ಅದೇ ಮಾತು. ಸ್ಟೋರಿನವರಿಗೂ ಲೆಕ್ಕಪತ್ರದವರಿಗೂ ಒಂದು ತಿರುಗುವ ಕುರ್ಚಿಯ ಮೇಲೆ ಜಗಳ ಹತ್ತಿ, ಅದು ಹನ್ನೊಂದನೆಯ ಮೇಲ್‌ಗೆ ಬಂದು ನಿಂತಿತ್ತು.

"ರೀ, ಆ ಕುರ್ಚಿ ಕೊನೆಗೆ ಯಾರಿಗೆ ಸಿಕ್ತು?" ಎಂದು ಹೆಂಡತಿ ಒಂದು ರಾತ್ರಿ ಊಟಕ್ಕೆ ಕೂತಾಗ ತಡೆಯಲಾರದೆ ಕೇಳಿದಳು.

"ಯಾವ ಕುರ್ಚಿ?"

"ಏನಿಲ್ಲ. ಅನ್ನ ಹಾಕ್ಲಾ?"

ಒಂಬತ್ತನೆಯ ದಿನ ಅಕ್ಕ ಓಡೋಡಿ ಬಂದಳು. ಕೈಯಲ್ಲಿ ಒಂದೇ ಒಂದು ಹಾಳೆ. ಮ್ಯಾನೇಜರು ಅಮ್ಮಾವರಿಗೆ ಬರೆದದ್ದು. ಹೊಸ ಸರ್ವರ್ ಬಂದಿರುವುದರಿಂದ ಟಪಾಲು ವಿಭಾಗ ಅನಗತ್ಯ, ಗುಮಾಸ್ತನನ್ನು ತಿಂಗಳ ಕೊನೆಯೊಳಗೆ ಗೋದಾಮಿಗೆ ಕಳಿಸುತ್ತೇನೆ, ಒಂದು ವಾರದಲ್ಲಿ ತಮ್ಮಿಂದ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ಭಾವಿಸುತ್ತೇನೆ, ಎಂದಿತ್ತು. ಅಮ್ಮಾವರು ಮೇಲ್ ತೆರೆಯುವುದಿಲ್ಲವೆಂಬುದು ಮ್ಯಾನೇಜರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಪಾಪ, ಇದನ್ನ ಅವನೇ ಮುದ್ರಿಸಿ, ಅವನೇ ಮುದ್ರೆ ಒತ್ತಿ, ಅವನೇ ಹೊತ್ತುಕೊಂಡು ಬಂದು ಕೊಟ್ಟಿದ್ದಾನೆ ಕಣೇ," ಎಂದಳು ಅಕ್ಕ.

"ಹೇಳೋಣ್ವಾ ಅತ್ತಿಗೆ?"

"ಹೇಳಿದ್ರೆ ನಾವು ಓದಿದ್ದು ಗೊತ್ತಾಗುತ್ತೆ. ಗೋದಾಮಿಗಿಂತ ಅದಕ್ಕೇ ಜಾಸ್ತಿ ನೊಂದ್ಕೋತಾನೆ ಅವನು."

ಹೇಳಲಿಲ್ಲ. ಆದರೆ ಆ ರಾತ್ರಿಯಿಂದ ಹೆಂಡತಿ ಗಂಡನನ್ನು ಬೈಯುವುದನ್ನು ನಿಲ್ಲಿಸಿದಳು. ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಹಾಕಿದರೂ ಮಾತಿಲ್ಲ. ಟಪಾಲಣ್ಣ ಇದನ್ನು ಗಮನಿಸಿ, ಪದವಿ ಬಂದರೆ ಮನೆಯಲ್ಲೂ ಮರ್ಯಾದೆ ತಾನಾಗಿ ಬರುತ್ತದೆ ಎಂದುಕೊಂಡು ಇನ್ನೂ ಹತ್ತು ಕಾಗದ ಹೆಚ್ಚಿಗೆ ಹೊತ್ತು ತಂದ.

ಹೀಗೆ ಹದಿನಾಲ್ಕನೆಯ ದಿನ ಬಂತು. ಬೆಳಿಗ್ಗೆಯೇ ಸರ್ವರಮ್ಮ ಎಲ್ಲರ ಪೆಟ್ಟಿಗೆಗಳನ್ನೂ ಹೊಸ ಯಂತ್ರದ ದಾರಿ ಹಿಡಿಸಿದರು. ಮೇಲ್ ಇಲ್ಲದ ಕಚೇರಿಯಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡುತ್ತ, ಎಷ್ಟೋ ವರ್ಷಗಳ ಮೇಲೆ ಬಾಯಿ ಬಿಟ್ಟು ಮಾತಾಡುತ್ತ ಕೂತಿದ್ದರು. ಮಧ್ಯಾಹ್ನ ಎರಡೂವರೆಗೆ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್ ಬಂದಿಳಿದರು.

"ಬರ್ತೀನಿ ಅಂತ ಹೋದ ವಾರವೇ ಮೇಲ್ ಹಾಕಿದ್ದೆ," ಎಂದರು.

ಮ್ಯಾನೇಜರು ಅದನ್ನು ನೋಡಿರಲಿಲ್ಲ. ಆದ್ದರಿಂದ ನೋಡಿದವರಂತೆ ನಕ್ಕು ಕುರ್ಚಿ ಎಳೆದುಕೊಟ್ಟರು.

ವಿಷಯ ಇಷ್ಟು. ಒಂದು ಅಂಗಡಿಯಲ್ಲಿ ಈ ಕಾರ್ಖಾನೆಯ ತೂಕದ ಯಂತ್ರ ನಲವತ್ತು ಕಿಲೋಗೆ ಕಾಲು ಕಿಲೋ ಕಡಿಮೆ ತೋರಿಸಿತ್ತು. ಸ್ಪ್ರಿಂಗಿನ ದೋಷ. "ದೋಷ ಯಾರಿಗೆ ಬರಲ್ಲ? ಕಾರ್ಖಾನೆಯವರೇ ಮೊದಲು ಪತ್ತೆ ಹಚ್ಚಿ ಆ ಸ್ಪ್ರಿಂಗ್ ನಿಲ್ಲಿಸಿದ್ರು ಅನ್ನೋದಕ್ಕೆ ಬರಹದಲ್ಲಿ ಆಧಾರ ತೋರಿಸಿ, ಎಚ್ಚರಿಕೆ ಕೊಟ್ಟು ಹೋಗ್ತೀನಿ. ಇಲ್ದಿದ್ರೆ ಬೀಗ. ನಾಲ್ಕೂ ಕಾಲಿಗೆ ನನ್ನ ಬಸ್ಸು," ಎಂದು ಇನ್ಸ್‌ಪೆಕ್ಟರ್ ಗಡಿಯಾರ ನೋಡಿದರು.

"ನಾನು ಬರೆದಿದ್ದೆ," ಎಂದರು ಸ್ಟೋರ್ ಕೀಪರ್. "ಹನ್ನೊಂದು ದಿನದ ಹಿಂದೆ. ಆ ಸ್ಪ್ರಿಂಗ್ ಮುಟ್ಟಬೇಡಿ, ಹೋದ ಯಂತ್ರ ವಾಪಸ್ ತರಿಸಿ ಅಂತ. ಮೇಲ್‌ನಲ್ಲಿದೆ."

ಎಲ್ಲರೂ ಸರ್ವರಮ್ಮನತ್ತ ತಿರುಗಿದರು.

"ದಾಖಲೆ ಪೆಟ್ಟಿಗೆ ಸಮೇತ ಎಲ್ಲ ಪೆಟ್ಟಿಗೆಗಳೂ ದಾರಿಯಲ್ಲಿವೆ. ಇಂದು ತೆರೆಯೋಕಾಗಲ್ಲ, ನಾಳೆ ಬೆಳಿಗ್ಗೆ ಸಿಗುತ್ತೆ ಅಂತ ನಾನು ಮೂರು ಸಲ ಎಲ್ಲರಿಗೂ ತಿಳಿಸಿದ್ದೆ," ಎಂದರು ಆಕೆ.

"ಹೇಗೆ ತಿಳಿಸಿದ್ರಿ?" ಎಂದರು ಅಮ್ಮಾವರು.

"ಮೇಲ್‌ನಲ್ಲಿ."

ಮ್ಯಾನೇಜರು ತಲೆಯ ಮೇಲೆ ಕೈ ಹೊತ್ತು ಕೂತರು. ಆಗ ಬಾಗಿಲ ಬಳಿ ಯಾರೋ ಗಂಟಲು ಸರಿಮಾಡಿಕೊಂಡ ಸದ್ದಾಯಿತು.

"ಪ್ರತಿ ಇದೆ ಸಾರ್. ಮೂರಿದೆ," ಎಂದ ಟಪಾಲಣ್ಣ.

ಮೆರವಣಿಗೆ ಸರ್ವರ್ ಕೋಣೆಗೆ ಹೊರಟಿತು. ಟಪಾಲಣ್ಣ ಸೊಂಟದಿಂದ ಬೀಗದ ಕೈ ತೆಗೆದು ಕಪಾಟು ತೆರೆದ. ಒಳಗಿನಿಂದ ಮೊದಲು ನೀರು ಬಂತು. ಹದಿನಾಲ್ಕು ದಿನ ಏಸಿ ಕಪಾಟಿನ ನೆತ್ತಿಯ ಮೇಲೆ ತೊಟ್ಟಿಕ್ಕಿ, ಎರಡು ಸಾವಿರ ಹಾಳೆಗಳು ಒಂದೇ ಮುದ್ದೆಯಾಗಿ ಕೂತಿದ್ದವು. ಇನ್ಸ್‌ಪೆಕ್ಟರ್ ಅಭ್ಯಾಸಬಲದಿಂದ ಎತ್ತಿ ನೋಡಿ, "ಹದಿನೆಂಟು ಕಿಲೋ ಇರಬಹುದು," ಎಂದರು.

"ಮೊದಲನೇದು ಬಿತ್ತು," ಎಂದ ಟಪಾಲಣ್ಣ. ಟಪಾಲು ಪುಸ್ತಕದಲ್ಲಿ ಸ್ಟೋರ್ ಕೀಪರ ಹೆಸರು, ತಾರೀಕು ನೋಡಿ ಸಂಖ್ಯೆ ಹಿಡಿದು, ಆಗಲೇ ಮನೆಗೆ ಫೋನು ಹಚ್ಚಿದ್ದ. "ಲೇ, ಮನೇಲಿರೋ ಕಟ್ಟಲ್ಲಿ ನಾನೂರ ಹನ್ನೆರಡನೇ ನಂಬರ್ ತೆಗಿ. ಬೇಗ."

"ಮನೇಲಾ?" ಎಂದರು ಮ್ಯಾನೇಜರು.

"ಬೇರೆ ಕಟ್ಟಡ ಅಂದ್ರಲ್ಲ ಸಾರ್."

ಫೋನಿನ ಆಚೆಯಿಂದ ಹೆಂಡತಿ ನಿಧಾನವಾಗಿ ಹೇಳಿದಳು. "ರೀ, ಬೈಬೇಡಿ. ಕಾಲಿಡೋಕೆ ಜಾಗ ಇರ್ಲಿಲ್ಲ. ಟೈಲರ್‌ಗೆ ಅಂಗಿ ಅಳತೆ ಕತ್ತರಿಸೋಕೆ ಕಾಗದ ಬೇಕಾಗಿತ್ತಂತೆ. ಮೊದಲಿನ ಐನೂರು ಹಾಳೆ ಕೊಟ್ಟೆ."

"ನಾನೂರ ಹನ್ನೆರಡು?"

ಕೆಳಗೆ ಹೋಗಿ ಕೇಳಿ ಬಂದಳು. "ಎಡತೋಳು ಆಗಿದೆಯಂತೆ. ಅರ್ಧ ಸಿಕ್ಕಿದೆ. 'ಆ ಸ್ಪ್ರಿಂಗ್' ಅಂತ ಇದೆ, ಮುಂದೆ ಕಂಕುಳು."

ಫೋನಿನ ದನಿ ಕೋಣೆಗೆಲ್ಲ ಕೇಳಿಸುತ್ತಿತ್ತು. ಮ್ಯಾನೇಜರ ಮುಖ ಕೆಂಪಾಗಿ, ಬಿಳಿಯಾಗಿ, ಮತ್ತೆ ಕೆಂಪಾಯಿತು. "ಆಫೀಸಿನ ಕಾಗದ ಟೈಲರ್ ಹತ್ರ ಇದೆಯಾ? ಇವತ್ತೇ ಗೋದಾಮು. ಈಗಲೇ," ಎಂದರು.

"ಇನ್ನೊಂದು ಇದೆಯಲ್ಲ," ಎಂದು ಅಮ್ಮಾವರು ಶಾಂತವಾಗಿ ಹೇಳಿದರು. "ಮೂರು ಅಂದಿದ್ರು."

ಗಂಟೆ ಮೂರು. ಟಪಾಲಣ್ಣ ಅಕ್ಕನಿಗೆ ಫೋನು ಮಾಡಿದ. ಅಕ್ಕ ಬರುತ್ತೇವೆ ಎಂದಷ್ಟೇ ಹೇಳಿ ಇಟ್ಟಳು. ಮುಂದಿನ ಮುಕ್ಕಾಲು ಗಂಟೆ ಟಪಾಲಣ್ಣ ತನ್ನ ಮೇಜಿನ ಹತ್ತಿರ ನಿಂತು ಅದರ ಅಂಚು ಸವರುತ್ತಿದ್ದ. ಮುದ್ರೆಯ ಶಾಯಿ ಬಿದ್ದು ಬಿದ್ದು ಒಂದು ಮೂಲೆ ನೇರಳೆಯಾಗಿತ್ತು. ಯಾರೂ ಅವನನ್ನು ಮಾತಾಡಿಸಲಿಲ್ಲ. ಸರ್ವರಮ್ಮ ಮಾತ್ರ ಒಂದು ಲೋಟ ನೀರು ತಂದಿಟ್ಟು ಹೋದರು.

ಮೂರು ಮುಕ್ಕಾಲಿಗೆ ಗೇಟಿನಲ್ಲಿ ಆಟೋ ನಿಂತಿತು. ಮೊದಲು ಅಕ್ಕ 'ಉತ್ತೀರ್ಣ' ಎಂದು ಬರೆದ ಕಟ್ಟು ಹಿಡಿದು ಇಳಿದಳು. ಆಮೇಲೆ ಹೆಂಡತಿ, 'ಅನುತ್ತೀರ್ಣ' ಎಂಬ ಅದಕ್ಕಿಂತ ಮೂರರಷ್ಟು ದಪ್ಪನೆಯ ಕಟ್ಟು ಹಿಡಿದು. ಅವಳ ಹಿಂದೆ ಟೈಲರ್, ತಪ್ಪು ತನ್ನದೂ ಇದೆ ಎಂದು ಎಡತೋಳು ಹಿಡಿದು. ಕೊನೆಗೆ ಭಾವ, ಇಸ್ತ್ರಿ ಮಾಡಿದ ಕೋಟು, ಜೇಬಿನಲ್ಲಿ ಕೆಂಪು ಪೆನ್ನು.

"ಸ್ಪ್ರಿಂಗ್ ವಿಷಯದ ಕಾಗದ ತಾನೆ?" ಎಂದು ಭಾವ ಹುಡುಕದೆಯೇ ಉತ್ತೀರ್ಣದ ಕಟ್ಟಿನ ಮೇಲಿನ ಹಾಳೆ ತೆಗೆದು ಕೊಟ್ಟರು. "ಇಷ್ಟರಲ್ಲೆಲ್ಲ ಇದೇ ಮೊದಲ ಸ್ಥಾನ. ಇಂಥ ಉತ್ತರ ಮರೆಯೋಕಾಗುತ್ತಾ?"

ಇನ್ಸ್‌ಪೆಕ್ಟರ್ ಹಾಳೆ ಹಿಡಿದು ಓದಿದರು. ಮೇಲ್ಗಡೆ ಟಪಾಲಣ್ಣನ ಮುದ್ರೆ, ದಿನಾಂಕ, ಸಂಖ್ಯೆ. ಕೆಳಗಡೆ ಕೆಂಪಿನಲ್ಲಿ: ನೂರಕ್ಕೆ ಎಂಬತ್ತೆರಡು. ವಿಷಯ ಸ್ಪಷ್ಟ. ಭಾಷೆ ಸರಳ. ಕೊನೆಯಲ್ಲಿ ಹೆಸರು ಬರೆಯದ್ದಕ್ಕೆ ಎರಡು ಅಂಕ ಕಳೆಯಲಾಗಿದೆ.

ಸ್ಟೋರ್ ಕೀಪರ್ ಇಣುಕಿ ನೋಡಿ, ಶಾಲೆ ಬಿಟ್ಟ ಮೇಲೆ ಇಷ್ಟು ಅಂಕ ತನಗೆ ಬಂದದ್ದು ಇದೇ ಮೊದಲು ಎಂದು ಪಕ್ಕದವರಿಗೆ ಹೇಳಿದರು.

"ಮುದ್ರೆ ಇದೆ, ತಾರೀಕು ಇದೆ, ಕ್ರಮಸಂಖ್ಯೆ ಇದೆ. ಕೆಂಪು ಶಾಯಿಗೆ ನಮ್ಮ ನಿಯಮದಲ್ಲಿ ಅಡ್ಡಿ ಇಲ್ಲ," ಎಂದರು ಇನ್ಸ್‌ಪೆಕ್ಟರ್. "ನಾಳೆ ಯಂತ್ರದಲ್ಲಿರೋದರ ಜೊತೆ ತಾಳೆ ನೋಡಿ ನನಗೊಂದು ಮೇಲ್ ಹಾಕಿ." ಸಹಿ ಮಾಡಿ ಎದ್ದರು. ಬಾಗಿಲ ತನಕ ಹೋದವರು ತಡೆದು ನಿಂತು, ಭಾವನನ್ನು ಪಕ್ಕಕ್ಕೆ ಕರೆದರು. "ನಾನು ಹೋದ ವಾರ ಕಳಿಸಿದ್ದೆನಲ್ಲ, ಅದಕ್ಕೆ ಎಷ್ಟು?"

"ಮೂವತ್ತೈದು. ಅದರಲ್ಲಿ ಆರು ಕೃಪಾಂಕ. ಬರ್ತೀನಿ ಅಂತ ಬರೆದಿದ್ದೀರಿ, ಯಾವ ದಿನ ಅಂತ ಬರೆದೇ ಇಲ್ಲ."

ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಂಡು ಬಸ್ಸಿಗೆ ಓಡಿದರು.

ಕಚೇರಿ ಉಸಿರು ಬಿಟ್ಟಿತು. ಮ್ಯಾನೇಜರು ಕೂಡಲೇ ಚುರುಕಾಗಿ, "ಸರಿ ಸರಿ, ಆ ಕಟ್ಟೆಲ್ಲ ಇಲ್ಲಿ ಕೊಡಿ," ಎಂದು ಅನುತ್ತೀರ್ಣದ ಕಟ್ಟಿಗೆ ಕೈಹಾಕಿದರು. ಟಪಾಲಣ್ಣನ ಹೆಂಡತಿ ಕೊಡಲಿಲ್ಲ. ಅವಳು ನೇರವಾಗಿ ಹೋಗಿ ಅದನ್ನು ಅಮ್ಮಾವರ ಮುಂದೆ ಇಟ್ಟಳು, ಇಡುವಾಗ ಒಂದು ಹಾಳೆ ಸ್ವಲ್ಪ ಹೊರಗೆ ಚಾಚಿಕೊಂಡಿರುವಂತೆ ನೋಡಿಕೊಂಡಳು.

ಅಮ್ಮಾವರು ಅದನ್ನೆಳೆದು ಗಟ್ಟಿಯಾಗಿ ಓದಿದರು. ಟಪಾಲು ವಿಭಾಗ ಅನಗತ್ಯ. ಗೋದಾಮಿಗೆ ಕಳಿಸುತ್ತೇನೆ. ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ಭಾವಿಸುತ್ತೇನೆ. ಆಮೇಲೆ ಕೆಂಪಿನದನ್ನೂ ಅಷ್ಟೇ ಗಟ್ಟಿಯಾಗಿ ಓದಿದರು. "ನೂರಕ್ಕೆ ಹದಿನೆಂಟು. ವಾದಕ್ಕೆ ಆಧಾರ ಕೊಟ್ಟಿಲ್ಲ. ಉತ್ತರ ಬರೆಯದಿರುವುದು ಒಪ್ಪಿಗೆಯಲ್ಲ. ನನ್ನ ಸೇವೆಯಲ್ಲಿ ಉತ್ತರ ಬರೆಯದವರಿಗೆ ಯಾವಾಗಲೂ ಸೊನ್ನೆಯನ್ನೇ ಕೊಟ್ಟಿದ್ದೇನೆ. ತಿದ್ದಿ ಬರೆದು, ಪೋಷಕರ ಸಹಿ ಹಾಕಿಸಿ ತರುವುದು."

ಮ್ಯಾನೇಜರು ಗೋಡೆಯ ಕ್ಯಾಲೆಂಡರಿನಲ್ಲಿ ಏನನ್ನೋ ಹುಡುಕಿದರು.

ಟಪಾಲಣ್ಣ ಮಾತ್ರ ಆ ಹಾಳೆಯ ಮೇಲಿದ್ದ ಮುದ್ರೆಯನ್ನೇ ನೋಡುತ್ತಿದ್ದ. ಅವನದೇ ಮುದ್ರೆ, ನೆಟ್ಟಗೆ, ಅಚ್ಚುಕಟ್ಟಾಗಿ ಬಿದ್ದಿತ್ತು. ಮೂರು ಪ್ರತಿಗೂ ಅಷ್ಟೇ ಅಚ್ಚುಕಟ್ಟಾಗಿ ಒತ್ತಿದ್ದು ಅವನಿಗೆ ನೆನಪಿತ್ತು. ಕಣ್ಣು ಮಂಜಾಯಿತು. ಹೆಂಡತಿಯ ಕಡೆ ತಿರುಗಿದ.

"ನಿಂಗೆ ಗೊತ್ತಿತ್ತಾ?"

"ಹೂಂ."

"ಅದಕ್ಕೇನಾ ಐದು ದಿನದಿಂದ ಬೈದಿಲ್ಲ?"

"ನಾಳೆಯಿಂದ ಬೈತೀನಿ, ಬಿಡಿ," ಎಂದು ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಮ್ಮಾವರು ಎದ್ದು ನಿಂತರು. ಇನ್ನು ಮುಂದೆ ಒಂದು ಕಾಗದವೂ ಗೇಟು ದಾಟಕೂಡದು ಎಂದರು. ಟೈಲರ್ ತೋಳು, ಕಾಲರು ಸಮೇತ ಎಲ್ಲವನ್ನೂ ವಾಪಸ್ ತಂದುಕೊಡಬೇಕು ಎಂದರು. ಇಷ್ಟು ಹೇಳಿ, ಟಪಾಲಣ್ಣನ ಮೇಜಿನ ಮೇಲೆ ಕೈಯಿಟ್ಟು, "ಇದು ಇಲ್ಲೇ ಇರುತ್ತೆ. ನನಗೆ ಬರೋ ಮೇಲ್‌ಗಳನ್ನ ನಾಳೆಯಿಂದ ಇವರು ಒಂದೇ ಒಂದು ಪ್ರತಿ ಮುದ್ರಿಸಿ ನನ್ನ ಕೈಗೆ ಕೊಡ್ಲಿ," ಎಂದರು. ಟಪಾಲಣ್ಣನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಸರ್ವರಮ್ಮ ಹೊರಡುವಾಗ ನಗುತ್ತ, "ನಿಮ್ಮ ಮೂರನೇ ಪ್ರತಿ ಎದ್ದು ನಿಲ್ಲೋಕೆ ನಲವತ್ತೈದು ನಿಮಿಷ ತಗೊಳ್ತು ಸಾರ್. ನಮ್ಮದು ಮೂವತ್ತು ಸೆಕೆಂಡು," ಎಂದರು.

"ನಮ್ಮದು ಆಟೋದಲ್ಲಿ ಬರ್ಬೇಕಲ್ಲ ಮೇಡಂ," ಎಂದ ಟಪಾಲಣ್ಣ.

ಹೊಸ ಸರ್ವರ್ ಮರುದಿನ ಬೆಳಿಗ್ಗೆ ಎದ್ದು ನಿಂತಿತು, ಇಂದಿಗೂ ನಿಂತಿದೆ. ಅದರ ಬಗ್ಗೆ ಯಾರಿಗೂ ದೂರಿಲ್ಲ. ದೂರಿದ್ದದ್ದು ಭಾವನಿಗೆ ಮಾತ್ರ. ತಿದ್ದಲು ಕಾಗದ ನಿಂತುಹೋಗಿ, ಅವರು ಮತ್ತೆ ಔಷಧಿ ಚೀಟಿಗಳಿಗೆ ಇಳಿದಿದ್ದರು.

ಒಂದು ವಾರ ಕಳೆದಿರಬಹುದು. ಎಲ್ಲರೂ ಮನೆಗೆ ಹೋದ ಮೇಲೆ ಟಪಾಲಣ್ಣ ಮುದ್ರೆಗಳನ್ನು ಒರೆಸಿ ಡಬ್ಬಿಗೆ ಹಾಕುತ್ತಿದ್ದ. ಮ್ಯಾನೇಜರು ಬಂದು ಮೇಜಿನ ಮುಂದೆ ನಿಂತರು. ಅಭ್ಯಾಸದಂತೆ ಟಪಾಲಣ್ಣನ ಎದೆ ಧಸಕ್ಕೆಂದಿತು. ಮ್ಯಾನೇಜರು ಹಿಂದೆ ಮುಂದೆ ನೋಡಿ, ಕೋಟಿನ ಒಳಜೇಬಿನಿಂದ ನಾಲ್ಕಾಗಿ ಮಡಿಸಿದ ಒಂದು ಹಾಳೆ ತೆಗೆದರು.

"ಅಮ್ಮಾವರಿಗೆ ಒಂದು ವರದಿ ಕಳಿಸ್ಬೇಕು. ಗೇಟು ದಾಟಬಾರದು ಅಂತ ಗೊತ್ತು. ಗುಟ್ಟಿನದೇನಿಲ್ಲ, ಕ್ಯಾಂಟೀನಿನ ಬೆಂಚಿನ ವಿಷಯ, ಅವರನ್ನ ಕೇಳೇ ತಂದಿದ್ದೀನಿ," ಎಂದು ದನಿ ತಗ್ಗಿಸಿದರು. "ಕಳಿಸೋ ಮುಂಚೆ ನಿಮ್ಮ ಭಾವನವರಿಗೆ ಒಂದ್ಸಲ ತೋರಿಸ್ತೀರಾ? ಮೂವತ್ತೈದಾದ್ರೂ ಬರ್ಬೇಕು."

ಟಪಾಲಣ್ಣ ಅದನ್ನು ಬಿಡಿಸಿ ನೋಡಲಿಲ್ಲ. ಮಡಿಸಿದಂತೆಯೇ ಮೇಜಿನ ಮೇಲಿಟ್ಟು, ಡಬ್ಬಿಯಿಂದ ಮುದ್ರೆಯನ್ನು ಮತ್ತೆ ಹೊರತೆಗೆದು ಒತ್ತಿದ. ಸಂಖ್ಯೆ ಹಾಕಿದ. ಒಂದು ಗೇಟ್ ಪಾಸ್ ಬರೆದು ಮ್ಯಾನೇಜರ ಮುಂದೆ ಸಹಿಗೆ ಚಾಚಿದ.

"ಒಂದೇ ಪ್ರತಿ ಸಾಕಾ ಸಾರ್?" ಎಂದ.